ಬೇಸಿಗೆಗೆ ಆಫೀಸು ಎಂಟಕ್ಕೆ ಬಂತು: ಚಿಕ್ಕ ಮಕ್ಕಳ ನಿದ್ದೆ ಹೊಂದಿಸುವುದು ಹೇಗೆ?

ಮಾರ್ಚ್ ಮುಗಿಯುತ್ತ ಬಂತೆಂದರೆ ಓದುಗರ ಪ್ರಶ್ನೆ ಒಂದೇ: "ಆಫೀಸ್ ಟೈಮ್ ಎಂಟಕ್ಕೆ ಬಂತು. ಕೂಸಿನ್ನ ಆರೂವರಿಗೇ ಎಬ್ಬಿಸಬೇಕು. ರಾತ್ರಿ ಹನ್ನೊಂದಾದ್ರೂ ಮಲಗವಲ್ದು. ಏನ್ ಮಾಡೂದು?"

ಬೇರೆ ಕಡೆಯವರಿಗೆ ಈ ತಾಪತ್ರಯ ಗೊತ್ತಿರಲಿಕ್ಕಿಲ್ಲ. ಅಮೆರಿಕ, ಯೂರೋಪಿನ ಹಾಗೆ ವರ್ಷಕ್ಕೆರಡು ಸಲ ಗಡಿಯಾರದ ಮುಳ್ಳು ತಿರುಗಿಸುವ ಪದ್ಧತಿ ನಮ್ಮ ದೇಶದಲ್ಲಿಲ್ಲ. ಆದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಬಿಸಿಲಿನ ದೆಸೆಯಿಂದ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿ. ಮುಳ್ಳು ಇದ್ದಲ್ಲೇ ಇದ್ದರೂ ಮನೆಯ ದಿನ ಎರಡು ತಾಸು ಮೊದಲೇ ಶುರುವಾಗುತ್ತದೆ. ಕೂಸನ್ನು ಅಜ್ಜಿಯ ಮನೆಗೋ ಅಂಗನವಾಡಿಗೋ ಬಿಡುವ ಹೊತ್ತೂ ಅದರ ಹಿಂದೆಯೇ ಓಡುತ್ತದೆ.

ಈ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಅಮೆರಿಕ, ಯೂರೋಪಿನ ಸಲಹೆ. ಅಲ್ಲಿ ಗಡಿಯಾರ ಬದಲಾಗುವುದು ಒಂದೇ ತಾಸು, ಹವೆಯೂ ತಂಪು. ಮಧ್ಯಾಹ್ನ ಮನೆಮಂದಿಯೆಲ್ಲ ಒರಗುವ ರೂಢಿ ಅವರಲ್ಲಿ ಹೆಚ್ಚಿನವರಿಗಿಲ್ಲ. ನಮ್ಮ ಗಂಟು ಇರುವುದೇ ಅಲ್ಲಿ. ಎರಡಕ್ಕೆ ಅಪ್ಪ-ಅವ್ವ ಮನೆಗೆ ಬರುತ್ತಾರೆ, ಉಂಡು ಕೂಲರ್ ಎದುರು ಮೈಚಾಚುತ್ತಾರೆ, ಕೂಸೂ ಪಕ್ಕದಲ್ಲಿ ಉರುಳಿಕೊಂಡು ಐದೂವರೆಯವರೆಗೆ ಗಡದ್ದಾಗಿ ನಿದ್ದೆ ಹೊಡೆಯುತ್ತದೆ. ಆಮೇಲೆ ಒಂಬತ್ತಕ್ಕೆ ಮಲಗು ಎಂದರೆ ಎಲ್ಲಿಂದ ಮಲಗೀತು? ರಾತ್ರಿಯ ಗುದ್ದಾಟ ಬಿಡಿ, ಮಧ್ಯಾಹ್ನವನ್ನು ಹಿಡಿಯಿರಿ. ಕೆಳಗಿನ ಹಂತಗಳಲ್ಲಿ ಐದನೆಯದನ್ನೇ ಹೆಚ್ಚು ಉದ್ದ ಬರೆದಿರುವುದು ಇದೇ ಕಾರಣಕ್ಕೆ.

ಇದು 1ರಿಂದ 6 ವರ್ಷದ ಮಕ್ಕಳಿಗೆ. ನಾಲ್ಕೈದು ತಿಂಗಳೊಳಗಿನ ಕೂಸಿಗೆ ಯಾವ ವೇಳಾಪಟ್ಟಿಯನ್ನೂ ಹಾಕಬೇಡಿ. ಹಗಲು ರಾತ್ರಿಯ ಲೆಕ್ಕ ಅದಕ್ಕಿನ್ನೂ ಕೂಡಿಬಂದಿರುವುದಿಲ್ಲ. ಹಸಿದಾಗ ಹಾಲು, ಬಂದಾಗ ನಿದ್ದೆ, ಅಷ್ಟೇ.

ಮೂರು ಪದ ತಿಳಿದಿದ್ದರೆ ಸಾಕು

ಒಳಗಡಿಯಾರ: ಮೆದುಳಿನ ತಳದಲ್ಲಿ, ಎರಡೂ ಕಣ್ಣುಗಳ ನರ ಕೂಡುವ ಜಾಗದ ಸ್ವಲ್ಪ ಮೇಲೆ ಇರುವ ಸಣ್ಣ ಜೀವಕೋಶಗಳ ಗುಂಪು. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹೊತ್ತು ಎಷ್ಟೆಂದು ಲೆಕ್ಕ ಹಾಕುತ್ತದೆ. ಇದರ ಒಂದು ಸುತ್ತು ಸಾಮಾನ್ಯವಾಗಿ 24 ತಾಸಿಗಿಂತ ತುಸು ಹೆಚ್ಚು. ಹಾಗಾಗಿ ತಡವಾಗಿ ಮಲಗುವುದು ಎಲ್ಲರಿಗೂ ಸಲೀಸು, ಬೇಗ ಮಲಗುವುದು ಕಷ್ಟ. ಏಪ್ರಿಲ್ ಬದಲಾವಣೆ ಜೂನ್ ಬದಲಾವಣೆಗಿಂತ ತೊಂದರೆ ಕೊಡುವುದು ಇದಕ್ಕೇ.

ಮೆಲಟೋನಿನ್: ಕತ್ತಲಾಗುತ್ತ ಬಂದಂತೆ ಮೆದುಳು ಬಿಡುವ ಹಾರ್ಮೋನು. 'ಇನ್ನು ರಾತ್ರಿ' ಎಂದು ದೇಹಕ್ಕೆಲ್ಲ ಸಾರುತ್ತದೆ. ಜೋರು ಬೆಳಕು ಬಿದ್ದರೆ ನಿಂತುಬಿಡುತ್ತದೆ. ಚಿಕ್ಕ ಮಕ್ಕಳ ಕಣ್ಣಪಾಪೆ ದೊಡ್ಡದು, ಕಣ್ಣಿನ ಮಸೂರ ತಿಳಿ. ಅದೇ ಟ್ಯೂಬ್‌ಲೈಟು ನಮಗಿಂತ ಅವರಿಗೆ ಹೆಚ್ಚು ತಾಕುತ್ತದೆ.

ನಿದ್ದೆಯ ಹಸಿವು: ಎಚ್ಚರವಿದ್ದಷ್ಟು ಹೊತ್ತು ಏರುತ್ತ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಸಂಜೆ ಭಜಿ ತಿಂದ ಮಗು ರಾತ್ರಿ ರೊಟ್ಟಿ ಮುಟ್ಟದ ಹಾಗೆ, ಐದೂವರೆಗೆ ಎದ್ದ ಮಗುವಿಗೆ ಒಂಬತ್ತಕ್ಕೆ ಈ ಹಸಿವು ಇರುವುದಿಲ್ಲ.

ಬೇಕಾಗುವುದು

ಒಂದು ಹಳೆಯ ನೋಟ್‌ಬುಕ್ಕು. ಕಿಟಕಿಗೆ ದಪ್ಪ ಪರದೆ, ಇಲ್ಲದಿದ್ದರೆ ಹಳೆಯ ಕೌದಿಯಾದರೂ ನಡೆಯುತ್ತದೆ. ಮಂದ ಬೆಳಕಿನ ಒಂದು ಬಲ್ಬು. ಎಲ್ಲಕ್ಕಿಂತ ಮುಖ್ಯವಾಗಿ, ಹಗಲು ಮಗುವನ್ನು ನೋಡಿಕೊಳ್ಳುವವರ ಒಪ್ಪಿಗೆ. "ಮಲಗಿದ ಕೂಸನ್ನ ಎಬ್ಬಿಸಬ್ಯಾಡ" ಎನ್ನುವ ಅಜ್ಜಿಯ ಜೊತೆ ಮೊದಲೇ ಕೂತು ಮಾತಾಡಿಕೊಳ್ಳದೆ ಈ ಕೆಲಸಕ್ಕೆ ಕೈಹಾಕಿದರೆ ಮೂರನೇ ದಿನಕ್ಕೆ ನಿಂತುಹೋಗುತ್ತದೆ.

ಹಂತ 1: ಈಗ ಎಷ್ಟು ಮಲಗುತ್ತಿದೆ, ಬರೆದುಕೊಳ್ಳಿ

ಮೂರು ದಿನ ಸಾಕು. ಎದ್ದದ್ದು, ಮಧ್ಯಾಹ್ನ ಮಲಗಿದ್ದು, ಎದ್ದದ್ದು, ರಾತ್ರಿ ನಿಜವಾಗಿ ನಿದ್ದೆ ಹತ್ತಿದ್ದು. ಹಾಸಿಗೆಗೆ ಹೋದ ಹೊತ್ತು ಲೆಕ್ಕಕ್ಕಿಲ್ಲ.

ಹಗಲು ರಾತ್ರಿ ಸೇರಿ ಬೇಕಾದ ನಿದ್ದೆಗೆ ಮಕ್ಕಳ ವೈದ್ಯರು ಒಪ್ಪುವ ಅಂದಾಜು ಹೀಗಿದೆ:

- 4ರಿಂದ 12 ತಿಂಗಳು: 12–16 ತಾಸು
- 1–2 ವರ್ಷ: 11–14 ತಾಸು
- 3–5 ವರ್ಷ: 10–13 ತಾಸು
- 6–12 ವರ್ಷ: 9–12 ತಾಸು

ನಿಮ್ಮ ಮೂರು ವರ್ಷದ ಮಗು ಹನ್ನೊಂದು ತಾಸು ಮಲಗಿ ಹಗಲೆಲ್ಲ ಲವಲವಿಕೆಯಿಂದ ಇದ್ದರೆ ಅದರ ಪಾಲು ಹನ್ನೊಂದೇ. ಪಕ್ಕದ ಮನೆಯ ಮಗು ಹದಿಮೂರು ಮಲಗುತ್ತದೆಂದು ಚಿಂತೆ ಬೇಡ.

ಹಂತ 2: ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ನೀವು 7.30ಕ್ಕೆ ಮನೆ ಬಿಡುವವರಾದರೆ ಮಗು 6.30ಕ್ಕೆ ಏಳಬೇಕು. ಹನ್ನೊಂದು ತಾಸಿನ ಮಗುವಿಗೆ ಮಧ್ಯಾಹ್ನ ಒಂದೂವರೆ ತಾಸು ತೆಗೆದರೆ ರಾತ್ರಿಗೆ ಒಂಬತ್ತೂವರೆ. ಅಂದರೆ ರಾತ್ರಿ 9ಕ್ಕೆ ನಿದ್ದೆ ಹತ್ತಬೇಕು, 8ಕ್ಕೆ ತಯಾರಿ ಶುರು.

ವಿದೇಶಿ ಪಟ್ಟಿಗಳಲ್ಲಿ ಬರೆದಿರುವ '7.30ಕ್ಕೆ ಹಾಸಿಗೆ' ನಮಗೆ ಹೊಂದುವುದಿಲ್ಲ, ಅದಕ್ಕೆ ಮರುಗಬೇಕಾದ್ದೂ ಇಲ್ಲ. ಭಾರತದ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಮೇಲೆ. ಕಲಬುರಗಿ ಅದಕ್ಕಿಂತ ಸುಮಾರು ಐದೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ತಡ. ಬೀದರಿನಲ್ಲಿ ಇದು 20 ನಿಮಿಷ. ಮೇ ಕೊನೆಯಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದೇ 6.50ರ ಆಚೆ. ಏಳೂವರೆಗೆ ಮಗುವನ್ನು ಕತ್ತಲೆ ಕೋಣೆಗೆ ದೂಡಿದರೆ ಅದು ಅಳುವುದು ನ್ಯಾಯವೇ.

ಹಂತ 3: ಎರಡು ದಿನಕ್ಕೆ 15 ನಿಮಿಷ, ಬೆಳಗಿನಿಂದ ಶುರು

ಈಗ 7.30ಕ್ಕೆ ಏಳುವ ಮಗು 6.30ಕ್ಕೆ ಬರಬೇಕಾದರೆ ಒಂದು ತಾಸು ಸರಿಸಬೇಕು. ಎರಡು ದಿನ 7.15, ಎರಡು ದಿನ 7.00, ಎರಡು ದಿನ 6.45, ಆಮೇಲೆ 6.30. ಎಂಟು ದಿನದ ಕೆಲಸ. ಕಚೇರಿ ಆದೇಶ ಕೈಗೆ ಬರುವವರೆಗೆ ಕಾಯಬೇಡಿ; ಮಾರ್ಚ್ 20ರ ಸುಮಾರಿಗೆ ಶುರು ಮಾಡಿ.

ಬಹಳ ಜನ ರಾತ್ರಿ ಬೇಗ ಮಲಗಿಸುವುದರಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. ನಿದ್ದೆಯನ್ನು ಹೇಳಿ ತರಿಸಲಿಕ್ಕಾಗದು, ಎಬ್ಬಿಸಲಿಕ್ಕೆ ಮಾತ್ರ ನಮ್ಮ ಕೈಲಾಗುತ್ತದೆ. ಏಳುವುದು 15 ನಿಮಿಷ ಮೊದಲಾದರೆ ಊಟ, ಮಧ್ಯಾಹ್ನದ ನಿದ್ದೆ, ರಾತ್ರಿಯ ನಿದ್ದೆ ಎಲ್ಲವನ್ನೂ ಅಷ್ಟಷ್ಟೇ ಸರಿಸಿ. ಭಾನುವಾರಕ್ಕೆ ರಿಯಾಯಿತಿ ಅರ್ಧ ತಾಸು, ಅದಕ್ಕಿಂತ ಹೆಚ್ಚಿಲ್ಲ.

ರಂಜಾನ್ ತಿಂಗಳು ಈಗಷ್ಟೇ ಮುಗಿದ ಮನೆಗಳಲ್ಲಿ ಮಕ್ಕಳು ಸಹರಿಗೆ, ಅಂದರೆ ಉಪವಾಸಕ್ಕೆ ಮೊದಲಿನ ನಸುಕಿನ ಊಟಕ್ಕೆ, ಎದ್ದು ಮತ್ತೆ ಮಲಗಿ, ರಾತ್ರಿ ತಡಮಾಡಿ ರೂಢಿಯಾಗಿರುತ್ತದೆ. ಅಂಥವರು ಹಬ್ಬದ ಮರುವಾರ ಏನನ್ನೂ ಸರಿಸದೆ, ಏಳುವ ಹೊತ್ತನ್ನು ಒಂದೇ ಗೆರೆಗೆ ತಂದುಕೊಂಡು ಆಮೇಲೆ ಎಣಿಕೆ ಶುರು ಮಾಡಲಿ.

ದಿನವೇ ಉಳಿದಿಲ್ಲ, ನಾಳೆಯೇ ಎಂಟಕ್ಕೆ ಹಾಜರಿ ಎನ್ನುವವರಿಗೆ: ನಾಳೆ ನೇರವಾಗಿ 6.30ಕ್ಕೇ ಎಬ್ಬಿಸಿ. ನಾಲ್ಕೈದು ದಿನ ಮಗು ಕಿರಿಕಿರಿ ಮಾಡುತ್ತದೆ. ಮಧ್ಯಾಹ್ನ ಅರ್ಧ ತಾಸು ಹೆಚ್ಚು ಕೊಡಿ, ಆದರೆ ಹಂತ 5ರ ಗೆರೆ ದಾಟಬೇಡಿ.

ಹಂತ 4: ಎದ್ದ ಕೂಡಲೇ ಹೊರಗಿನ ಬೆಳಕು

ಏಪ್ರಿಲ್ ಮೊದಲ ವಾರ ಕಲಬುರಗಿಯಲ್ಲಿ ಸೂರ್ಯ ಹುಟ್ಟುವುದು 6.15ರ ಆಸುಪಾಸಿಗೆ, ಮೇ ಕೊನೆಗೆ 5.50ರ ಹೊತ್ತಿಗೆ. ಎದ್ದ ಮಗುವನ್ನು ಎತ್ತಿಕೊಂಡು ಕಟ್ಟೆಗೋ ಅಂಗಳಕ್ಕೋ ಬನ್ನಿ. ಹಲ್ಲುಜ್ಜುವುದು, ಹಾಲು ಕುಡಿಯುವುದು ಎಲ್ಲ ಅಲ್ಲೇ ಆಗಲಿ. ಇಪ್ಪತ್ತು ನಿಮಿಷ, ಅರ್ಧ ತಾಸು ಸಾಕು. ಎಂಟರ ಮೇಲೆ ಬಿಸಿಲು ಚುರುಗುಟ್ಟುವುದರಿಂದ ಮತ್ತೆ ಅವಕಾಶ ಸಿಗುವುದಿಲ್ಲ. ಕೋಣೆಯ ದೀಪ ಎಷ್ಟು ಜೋರಿದ್ದರೂ ಹೊರಗಿನ ಬೆಳಕಿಗೆ ಸಾಟಿಯಲ್ಲ. ಒಳಗಡಿಯಾರವನ್ನು ಮುಂದಕ್ಕೆ ಜಗ್ಗಲು ಇದಕ್ಕಿಂತ ದೊಡ್ಡ ಉಪಾಯ ಇಲ್ಲ, ಖರ್ಚೂ ಇಲ್ಲ.

ಹಂತ 5: ಮಧ್ಯಾಹ್ನದ ನಿದ್ದೆ

ಬೆಳಗ್ಗೆ 6.30ಕ್ಕೆ ಎದ್ದ ಮೂರು ವರ್ಷದ ಮಗುವಿಗೆ 12.30ಕ್ಕೆಲ್ಲ ಕಣ್ಣು ಎಳೆಯುತ್ತದೆ. ಆಗಲೇ ಮಲಗಬೇಕು. ಊಟ 12ಕ್ಕೆ, ನಿದ್ದೆ 12.30ರಿಂದ 2. ನೀವು ಮನೆ ಮುಟ್ಟುವಾಗ ಮಗು ಎದ್ದು ಕೂತಿರುತ್ತದೆ.

ಆಗುವುದು ಇದರ ಉಲ್ಟಾ. "ಅವ್ವ ಬರಲಿ, ಆಮೇಲೆ ಮಲಗು" ಎಂದು ಎರಡರವರೆಗೆ ಎಳೆಯುತ್ತಾರೆ. ಅಷ್ಟೊತ್ತಿಗೆ ಮಗು ದಣಿದು, ರಚ್ಚೆ ಹಿಡಿದು, ಊಟವನ್ನೂ ಬಿಟ್ಟು ಮೂರಕ್ಕೆ ಮಲಗುತ್ತದೆ. ಹಗಲು ನೋಡಿಕೊಳ್ಳುವವರಿಗೆ ಇದೊಂದನ್ನು ಬಿಡಿಸಿ ಹೇಳಿ: ನಮ್ಮನ್ನು ಕಾಯಬೇಡಿ, ಮಲಗಿಸಿಬಿಡಿ.

ಇನ್ನು ಕಹಿ ಮಾತು. ಎರಡಕ್ಕೆ ಬಂದ ನಿಮಗೆ ನಿದ್ದೆ ಬೇಕು, ಮಗು ಎದ್ದಿರುತ್ತದೆ. ಇಬ್ಬರೂ ಒಟ್ಟಿಗೆ ಮಲಗುವ ಆಸೆ ಎರಡು ತಿಂಗಳ ಮಟ್ಟಿಗೆ ಬಿಡಬೇಕು. ಒಂದು ದಿನ ಅಪ್ಪ, ಒಂದು ದಿನ ಅವ್ವ ಎಂದು ಪಾಳಿ ಮಾಡಿಕೊಳ್ಳಿ. ಪಾಳಿ ಎಂದರೆ ಪಾಳಿಯೇ. ಅವ್ವನೇ ಏಳೂ ದಿನ ಎಚ್ಚರವಿದ್ದು ಅಪ್ಪ ಗೊರಕೆ ಹೊಡೆದರೆ ಅದು ಪಾಳಿಯಲ್ಲ.

12.30ಕ್ಕೆ ಮಲಗಿಸಲು ಸಾಧ್ಯವೇ ಇಲ್ಲದ ಮನೆಗಳಲ್ಲಿ 2.15ಕ್ಕೆ ಮಲಗಿಸಿ 3.30ಕ್ಕೆ ಎಬ್ಬಿಸಿ. 3.30 ಎನ್ನುವುದೇ ಗೆರೆ. ಒಂದೂವರೆ, ಎರಡು ವರ್ಷದವರಿಗೆ 4ರವರೆಗೆ ಬಿಡಬಹುದು.

ಎಬ್ಬಿಸುವುದಕ್ಕೂ ಕ್ರಮ ಇದೆ. ಮೊದಲು ಕೂಲರ್ ಆರಿಸಿ, ಪರದೆ ಸರಿಸಿ, ಮನೆಯ ಸಪ್ಪಳ ಮಾಮೂಲಾಗಿ ನಡೆಯಲಿ. ಐದು ನಿಮಿಷ ಬಿಟ್ಟು ಮೈದಡವಿ ಎತ್ತಿಕೊಳ್ಳಿ. ಎದ್ದ ಮೇಲೆ ಕಾಲು ತಾಸು ಮಂಕು ಇದ್ದೇ ಇರುತ್ತದೆ; ಅಳುವನ್ನು ನೋಡಿ ಮತ್ತೆ ಮಲಗಿಸಿದಿರೋ, ಆ ರಾತ್ರಿ ಹನ್ನೊಂದು ಗ್ಯಾರಂಟಿ. ತಂಪು ಮಜ್ಜಿಗೆ, ಒಂದು ಹೋಳು ಕಲ್ಲಂಗಡಿ ಕೊಟ್ಟರೆ ಸರಿಹೋಗುತ್ತದೆ.

ಐದು ವರ್ಷ ದಾಟಿದ ಬಹಳ ಮಕ್ಕಳಿಗೆ ಹಗಲು ನಿದ್ದೆ ಬೇಕಿಲ್ಲ. ಹೊರಗೆ ಝಳ ಇರುವುದರಿಂದ ಆಡಲು ಬಿಡಲಾಗದು, ಆದ್ದರಿಂದ ಮಲಗಿಸುತ್ತೇವೆ, ಅಷ್ಟೇ. ಅಂಥವರಿಗೆ ಒಂದು ತಾಸು ನೆಲದ ಮೇಲೆ ಮೈಚಾಚಿ ಚಿತ್ರ ಬಿಡಿಸಲು, ಕತೆ ಕೇಳಲು ಬಿಡಿ. ಶಹಾಬಾದ್ ಕಲ್ಲಿನ ನೆಲ ಇದ್ದವರು ಪುಣ್ಯವಂತರು.

ಹಂತ 6: ಸಂಜೆ

ಐದೂವರೆಯಿಂದ ಹೊತ್ತು ಮುಳುಗುವವರೆಗೆ ಓಣಿಯಲ್ಲಿ ಆಡಲಿ. ಮೈ ದಣಿಯದೆ ರಾತ್ರಿ ನಿದ್ದೆ ಬರದು.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು: ಚಹಾ. ನಮ್ಮ ಕಡೆ ಎರಡು ವರ್ಷದ ಕೂಸಿಗೂ ಬಸಿಯಲ್ಲಿ ಚಹಾ ಸುರಿದು ಟೋಸ್ಟ್ ಅದ್ದಿ ಕೊಡುತ್ತೇವೆ. ಚಹಾದ ಕೆಫೀನ್, ಅಂದರೆ ನಿದ್ದೆಯ ಹಸಿವನ್ನು ಮುಚ್ಚಿಡುವ ಅಂಶ, ಗಂಟೆಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಯಾವ ಹೊತ್ತಿನಲ್ಲೂ ಬೇಡ, ಸಂಜೆಯಂತೂ ಬೇಡವೇ ಬೇಡ. ಬಸಿಯ ಆಸೆ ಇದ್ದರೆ ಅದೇ ಬಸಿಯಲ್ಲಿ ಹಾಲು ಹಾಕಿ. ಕೋಲಾ, ಕಾಫಿಗೂ ಇದೇ ಮಾತು.

ರಾತ್ರಿಯೂಟ 7.30ರೊಳಗೆ. ಮೆತ್ತಗಿನ ಅನ್ನ-ತವ್ವೆ, ಹಾಲಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ.

ಹಂತ 7: ರಾತ್ರಿ, ಮತ್ತು ಸೆಕೆ

ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಶಾಖ ಸ್ವಲ್ಪ ಇಳಿಯಬೇಕು. ಹಗಲು 42, 43 ಡಿಗ್ರಿ ಕುಡಿದ ಸ್ಲ್ಯಾಬು ನಡುರಾತ್ರಿಯವರೆಗೂ ಆ ಶಾಖವನ್ನು ಕೆಳಗೆ ಬಿಡುತ್ತಿರುತ್ತದೆ. ಬಹಳ ಮನೆಗಳಲ್ಲಿ ಮಗು ಮಲಗದಿರಲು ಹಟ ಕಾರಣವಲ್ಲ, ಮಾಳಿಗೆ ಕಾರಣ.

ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ. ಹಾಸಿಗೆಯನ್ನು ಪಶ್ಚಿಮದ ಗೋಡೆಯಿಂದ ದೂರ ಎಳೆಯಿರಿ. ನಮ್ಮದು ಒಣ ಹವೆಯಾದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎದುರಿಗೆ ಒಂದು ಕಿಟಕಿ ತೆರೆದಿರಬೇಕು. ಎಲ್ಲ ಮುಚ್ಚಿದರೆ ಕೋಣೆ ಹಸಿಯಾಗಿ ಜಿಗುಟುತ್ತದೆ. ಎಚ್ಚರಿಕೆ: ತಗಡಿನ ಕೂಲರ್ ಮೈಗೆ ಕರೆಂಟ್ ಇಳಿಯುವುದುಂಟು. ಅರ್ಥಿಂಗ್ ಸರಿಯಿದೆಯೇ ನೋಡಿಸಿ, ಮಗುವಿನ ಕೈಗೆ ಸಿಗದ ಹಾಗೆ ಇಡಿ, ಪ್ಲಗ್ ತೆಗೆಯದೆ ನೀರು ತುಂಬಬೇಡಿ. ವಾರಕ್ಕೊಮ್ಮೆ ಟಾಕಿ ಬರಿದು ಮಾಡಿ ಒಣಗಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತವೆ.

8ಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ತಣ್ಣೀರು ಸುರಿದರೆ ಚರ್ಮದ ರಕ್ತನಾಳ ಬಿಗಿದು ಒಳಗಿನ ಶಾಖ ಒಳಗೇ ಉಳಿಯುತ್ತದೆ, ಮಗು ಮತ್ತಷ್ಟು ಚುರುಕಾಗುತ್ತದೆ. ತೆಳು ಹತ್ತಿಯ ಅಂಗಿ. ಟ್ಯೂಬ್‌ಲೈಟ್ ಆರಿಸಿ ಮಂದ ಬಲ್ಬು ಹಾಕಿ. ಟೀವಿ, ಮೊಬೈಲು 8ರ ಮೇಲೆ ಬಂದ್, ನಿಮ್ಮದೂ. ಆಮೇಲೆ ಒಂದು ಕತೆ, ಒಂದು ಜೋಗುಳ, ದಿನವೂ ಅದೇ ಕ್ರಮದಲ್ಲಿ. ಕರೆಂಟ್ ಹೋದರೂ ಕ್ರಮ ಬದಲಾಗಬಾರದು. ಕೈಬೀಸಣಿಗೆ ದಿಂಬಿನ ಪಕ್ಕದಲ್ಲೇ ಇರಲಿ.

ಮಾಳಿಗೆಯ ಮೇಲೆ ಮಲಗುವವರಿಗೆ: ತಡೆಗೋಡೆ ಎತ್ತರ ಇಲ್ಲದ ಮಾಳಿಗೆ ಚಿಕ್ಕ ಮಕ್ಕಳಿಗೆ ಬೇಡ. ಸೊಳ್ಳೆಪರದೆ ಕಟ್ಟಿ. ಮೇ ತಿಂಗಳಲ್ಲಿ ಐದೂವರೆಗೇ ಬೆಳಕು ಹರಿಯುವುದರಿಂದ ಮಗು ತಾನಾಗಿ ಏಳುತ್ತದೆ. ನಿಮ್ಮ ಉದ್ದೇಶಕ್ಕೆ ಅದು ಒಳ್ಳೆಯದೇ, ಆದರೆ ಅಲ್ಲಿ ರಾತ್ರಿ ಹತ್ತರವರೆಗೆ ಹರಟೆ ನಡೆದರೆ ನಿದ್ದೆ ಎರಡೂ ತುದಿಯಲ್ಲಿ ಕತ್ತರಿಸಿಹೋಗುತ್ತದೆ.

ಇವನ್ನು ಮಾಡಲೇಬೇಡಿ

ನಿದ್ದೆ ಬರಲೆಂದು ಜಾಜಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಅರೆದು ಹಾಲಿಗೆ ಹಾಕುವುದು ಹಳೆಯ ರೂಢಿ. ಜಾಜಿಕಾಯಿ ಪ್ರಮಾಣ ಮೀರಿದರೆ ವಿಷ, ಕೂಸಿಗೆ ಎಷ್ಟು ಮೀರಿತೆಂದು ಸಾಣೆಕಲ್ಲು ಹೇಳುವುದಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ಎರಡೂ ಬೇಡ. ಕೆಮ್ಮು-ನೆಗಡಿ ಸಿರಪ್ ಕುಡಿಸಿ ಮಲಗಿಸುವುದು ಅದಕ್ಕಿಂತ ಅಪಾಯ, ಉಸಿರಿಗೇ ಕುತ್ತು ಬರಬಹುದು. ಮೆಲಟೋನಿನ್ ಗುಳಿಗೆಯನ್ನು ಮಕ್ಕಳ ವೈದ್ಯರು ಬರೆದುಕೊಡದೆ ಕೊಡಬೇಡಿ.

ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆ ಇದ್ದರೂ ನೀರು ಕುಡಿಸಬೇಡಿ, ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಒಂದು ವರ್ಷದೊಳಗಿನವರನ್ನು ಅಂಗಾತ ಮಲಗಿಸಿ. ದಿಂಬು, ಕೌದಿ, ಕುಂಚಿಗೆ ಯಾವುದೂ ಮುಖದ ಹತ್ತಿರ ಇರಬಾರದು.

ನಿದ್ದೆಯೆಂದು ಮೋಸಹೋಗುವ ಸಂದರ್ಭವೂ ಒಂದಿದೆ. ಬಿಸಿಲಲ್ಲಿ ಅಡ್ಡಾಡಿ ಬಂದ ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮೈ ಸುಡುತ್ತಿದ್ದರೆ, ಆರೆಂಟು ತಾಸು ಮೂತ್ರ ಮಾಡದಿದ್ದರೆ, ವಾಂತಿ ಆಗುತ್ತಿದ್ದರೆ ಅದು ದಣಿವಿನ ನಿದ್ದೆಯಲ್ಲ. ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ ಗಾಳಿ ಹಾಕುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅರೆ ಎಚ್ಚರದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಹಂತ 8: ಜೂನ್ ಬಂದಾಗ

ಕಚೇರಿ ಮತ್ತೆ ಹತ್ತಕ್ಕೆ ಹೋಗುತ್ತದೆ. ನಿಮಗೆ ಆರಾಮಾಯಿತೆಂದು ಮಗುವನ್ನು ಎಂಟರವರೆಗೆ ಮಲಗಲು ಬಿಡಬೇಡಿ. ಕಷ್ಟಪಟ್ಟು ಗಳಿಸಿದ ಬೆಳಗು ಅದು, ಶಾಲೆಗೂ ಬೇಕಾಗುತ್ತದೆ. ಏಳುವುದು 6.30 ಅಥವಾ 6.45ಕ್ಕೇ ಇರಲಿ. ಈ ಜೂನಿಗೆ ಮೊದಲ ಸಲ ಶಾಲೆಗೆ ಹೋಗುವ ಮಗುವಿಗೆ ಮಧ್ಯಾಹ್ನದ ನಿದ್ದೆ ಒಮ್ಮೆಲೇ ತಪ್ಪಿಹೋಗುತ್ತದೆ. ಅದಕ್ಕೆ ಮೊದಲ ಎರಡು ಮೂರು ವಾರ ರಾತ್ರಿ 8.15ಕ್ಕೇ ಮಲಗಿಸಿ. ಸಂಜೆ ಐದಕ್ಕೆ ಬಸ್ಸಿನಲ್ಲಿ ತೂಕಡಿಸಿದರೆ ಮನೆಗೆ ಬಂದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಲಗಲು ಬಿಡದೆ ಅಂಗಳಕ್ಕೆ ಕರೆದೊಯ್ಯಿರಿ.

ಮೊಮ್ಮಕ್ಕಳು ಅಮೆರಿಕದಲ್ಲಿ ಇರುವವರಿಗೆ

ಅಲ್ಲಿ ಗಡಿಯಾರವೇ ಬದಲಾಗುತ್ತದೆ. ಮಾರ್ಚ್ ಎರಡನೇ ಭಾನುವಾರ ಒಂದು ತಾಸು ಮುಂದೆ, ನವೆಂಬರ್ ಮೊದಲ ಭಾನುವಾರ ಒಂದು ತಾಸು ಹಿಂದೆ. ಬ್ರಿಟನ್, ಯೂರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಮಾರ್ಚ್‌ನಲ್ಲಿ ಅವರ ಪಾಡೂ ನಮ್ಮ ಏಪ್ರಿಲ್‌ನಂತೆಯೇ, ಮಕ್ಕಳು ರಾತ್ರಿ ಮಲಗುವುದಿಲ್ಲ. ನವೆಂಬರ್‌ನಲ್ಲಿ ಉಲ್ಟಾ, ನಸುಕಿನಲ್ಲೇ ಎದ್ದು ಕೂರುತ್ತವೆ. ಹಂತ 3 ಮತ್ತು 4 ಅವರಿಗೂ ನಡೆಯುತ್ತದೆ. ನವೆಂಬರ್‌ನಲ್ಲಿ 15 ನಿಮಿಷವನ್ನು ಉಲ್ಟಾ ಸರಿಸಬೇಕು, ನಸುಕಿನ ಬೆಳಕು ತಾಗದಂತೆ ಪರದೆ ಎಳೆಯಬೇಕು.

ಇಲ್ಲಿಂದ ನೀವು ಮಾಡಬೇಕಾದದ್ದು ಒಂದೇ, ವಿಡಿಯೋ ಕಾಲ್ ಹೊತ್ತು ಬದಲಿಸುವುದು. ನ್ಯೂಯಾರ್ಕ್ ಕಡೆಯ ಸಮಯ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಚಳಿಗಾಲದಲ್ಲಿ ಇಲ್ಲಿ ಮುಂಜಾನೆ 6ಕ್ಕೆ ಮಾಡುತ್ತಿದ್ದ ಕಾಲ್ ಅಲ್ಲಿ ಸಂಜೆ 7.30ಕ್ಕೆ ಬೀಳುತ್ತಿತ್ತು. ಮಾರ್ಚ್ ಆದ ಮೇಲೂ ಅದೇ 6ಕ್ಕೆ ಮಾಡಿದರೆ ಅಲ್ಲಿ ರಾತ್ರಿ 8.30 ಆಗಿರುತ್ತದೆ, ಆಗಷ್ಟೇ ಕಣ್ಣು ಮುಚ್ಚಿದ ಮಗು ಅಜ್ಜನ ದನಿ ಕೇಳಿ ಎದ್ದು ಕುಣಿಯುತ್ತದೆ. ಐದಕ್ಕೆ ಏಳುವ ಅಜ್ಜಂದಿರು ಐದಕ್ಕೇ ಮಾಡಿ. ಆಗದವರು ಭಾನುವಾರ ಸಂಜೆ 6.30ಕ್ಕೆ ಮಾಡಿ, ಅಲ್ಲಿ ಬೆಳಗಿನ 9 ಗಂಟೆ.